ಮಣ್ಣಿನ ಗೋಡೆಯ ವರ್ಷಾವರ್ತಿ: ಮಲೆನಾಡಿನ ಮನೆದುರಸ್ತಿ ಮತ್ತು ಹಸೆ ಚಿತ್ತಾರ

ಕರ್ನಾಟಕದ ಮಧ್ಯಕಾಲೀನ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ದೇವಾಲಯದಲ್ಲಾಗಲಿ ಬಸದಿಯಲ್ಲಾಗಲಿ ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು, ಹಳತಾದದ್ದನ್ನು ಸರಿಪಡಿಸುವ ಖರ್ಚಿಗೆಂದು ಗದ್ದೆಯನ್ನೋ ತೋಟವನ್ನೋ ಸುಂಕದ ಆದಾಯವನ್ನೋ ಬಿಟ್ಟುಕೊಟ್ಟದ್ದನ್ನು ಅದು ಸೂಚಿಸುತ್ತದೆ. ಕಟ್ಟಡವೊಂದನ್ನು ಕಟ್ಟಿಸುವುದರಷ್ಟೇ ಅದನ್ನು ಕಾಪಾಡಿಕೊಂಡು ಹೋಗುವುದೂ ಪುಣ್ಯದ ಕೆಲಸವೆಂದು ಆ ಕಾಲದವರು ತಿಳಿದಿದ್ದರೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ರೈತನ ಮನೆಯ ದುರಸ್ತಿಗೆ ಅಂಥ ದತ್ತಿಯಿರಲಿಲ್ಲ, ಅದನ್ನು ಕಲ್ಲಿನಲ್ಲಿ ಕೆತ್ತಿಸುವವರೂ ಇರಲಿಲ್ಲ. ಆದರೂ ಶತಮಾನಗಳ ಕಾಲ ಮಣ್ಣಿನ ಗೋಡೆಗಳು, ಹುಲ್ಲಿನ ಮಾಡುಗಳು, ಸಗಣಿ ಸಾರಿಸಿದ ನೆಲಗಳು ಊರೂರಲ್ಲಿ ಸುಸ್ಥಿತಿಯಲ್ಲಿದ್ದವೆಂದರೆ, ವರ್ಷ ವರ್ಷವೂ ತಪ್ಪದೆ ನಡೆದ ಮನೆಮಂದಿಯ ದುಡಿಮೆಯೇ, ಅದರಲ್ಲೂ ಹೆಂಗಸರ ದುಡಿಮೆಯೇ, ಅದಕ್ಕೆ ಕಾರಣ. ಆ ದುಡಿಮೆಗೆ ಗಡುವು ಗೊತ್ತುಮಾಡಿದ್ದು ಹಬ್ಬಗಳ ಪಂಚಾಂಗ. ದುರಸ್ತಿಯ ಕೆಲಸವೂ ಅಲಂಕಾರದ ಕೆಲಸವೂ ಒಂದೇ ಕೈಯಲ್ಲಿ, ಒಂದೇ ದಿನದಲ್ಲಿ ಕೂಡಿಬಂದದ್ದರ ಉತ್ತಮ ಉದಾಹರಣೆ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ ಸೀಮೆ ಮತ್ತು ಅದಕ್ಕೆ ಹೊಂದಿಕೊಂಡ ಉತ್ತರ ಕನ್ನಡದ ಸಿದ್ದಾಪುರ ಸೀಮೆಯಲ್ಲಿ ಸಿಗುತ್ತದೆ.

ಈ ಸೀಮೆಯ ಮನೆಗೆ ಮೊದಲ ಶತ್ರು ಮಳೆ. ಇಲ್ಲಿನ ಹಳೆಯ ಸಾಮಾನ್ಯ ಮನೆಯ ಗೋಡೆ ತುಳಿದು ಹದಮಾಡಿದ ಮಣ್ಣಿನದು. ಒಂದು ವರಸೆ ಏರಿಸಿ, ಅದು ಒಣಗಿದ ಮೇಲೆ ಇನ್ನೊಂದು ವರಸೆ ಏರಿಸಿ ಕಟ್ಟಿದ್ದು. ಮಾಡಿಗೆ ಭತ್ತದ ಹುಲ್ಲು, ಬೇಣದಲ್ಲಿ ಎಂದರೆ ಹುಲ್ಲುಗಾವಲಿನಲ್ಲಿ ಬೆಳೆಯುವ ಕರಡ, ಅಥವಾ ಅಡಿಕೆ ಮರದ ಗರಿಯಾದ ಸೋಗೆ ಹೊದಿಕೆಯಾಗುತ್ತಿತ್ತು. ಸ್ವಲ್ಪ ಅನುಕೂಲಸ್ಥರ ಮನೆಗೆ ಕುಂಬಾರರು ಸುಟ್ಟ ನಾಡಹೆಂಚು ಬಂದಿತ್ತು. ಇವುಗಳಲ್ಲಿ ಯಾವುದೂ ಒಮ್ಮೆ ಹಾಕಿ ಮರೆಯುವಂಥದಲ್ಲ. ಹುಲ್ಲು, ಸೋಗೆಗಳನ್ನು ಬೇಸಿಗೆ ಮುಗಿಯುವುದರೊಳಗೆ ಹೊಸದಾಗಿ ಹೊದಿಸಬೇಕಿತ್ತು. ಗಾಳಿಗೆ, ಮಂಗನ ಹಾವಳಿಗೆ ಸರಿದ ನಾಡಹೆಂಚನ್ನು ಪ್ರತಿವರ್ಷ ಕೈಯಾಡಿಸಬೇಕಿತ್ತು, ಅಂದರೆ ಒಡೆದವನ್ನು ತೆಗೆದು ಉಳಿದವನ್ನು ಮತ್ತೆ ಜೋಡಿಸಬೇಕಿತ್ತು. ಇರಚಲು ಬಡಿಯುವ ಗೋಡೆಗೆ ಮಳೆಗಾಲ ಮುಗಿಯುವವರೆಗೆ ಸೋಗೆಯ ತಟ್ಟಿಯನ್ನು ಮರೆಗಟ್ಟುತ್ತಿದ್ದರು. ಈ ಕೆಲಸ ಗಂಡಸರದು. ಇಂದು ಒಬ್ಬರ ಮನೆಗೆ, ನಾಳೆ ಇನ್ನೊಬ್ಬರ ಮನೆಗೆ ಎಂದು ಪರಸ್ಪರ ದುಡಿದುಕೊಡುವ ಮುಯ್ಯಾಳು ಪದ್ಧತಿಯಲ್ಲಿ ಅದು ನಡೆಯುತ್ತಿತ್ತು. ಒಲೆಯ ಹೊಗೆ ಮಾಡಿನ ಸಂದುಗಳಲ್ಲಿ ಹಾಯ್ದು ಹೊರಹೋಗುತ್ತ ಹುಲ್ಲಿಗೆ ಹುಳು ಹಿಡಿಯದಂತೆ ತಡೆಯುತ್ತಿತ್ತು. ಅದೇ ಹೊಗೆ ಒಳಗೋಡೆಗಳನ್ನು ಕಪ್ಪಾಗಿಸುತ್ತಿತ್ತು. ಮಳೆ ಮತ್ತು ಹೊಗೆ ಇವೆರಡರ ಗುರುತನ್ನು ಅಳಿಸುವ ಹೊಣೆ ಹೆಂಗಸರ ಪಾಲಿಗೆ ಬಂದಿತ್ತು.

ನೆಲದ ಕೆಲಸದಲ್ಲಿ ಬೇಕಾಗುತ್ತಿದ್ದ ತಿಳಿವಳಿಕೆಯನ್ನು ಬರಹದ ಚರಿತ್ರೆ ಇಂದಿಗೂ ಸರಿಯಾಗಿ ಗುರುತಿಸಿಲ್ಲ. ಹೊಸ ನೆಲಕ್ಕೆ ಮಣ್ಣು ಹಾಸಿ, ನೀರು ಚಿಮುಕಿಸಿ, ಚಪ್ಪಟೆಯಾದ ಮರದ ಬಡಿಗೆಯಿಂದ ದಿನಗಟ್ಟಲೆ ಬಡಿದು ಗಟ್ಟಿಮಾಡುತ್ತಿದ್ದರು. ಒಣಗುವಾಗ ಬಿಟ್ಟ ಬಿರುಕುಗಳನ್ನು ಮುಚ್ಚಲು ಮತ್ತೆ ಬಡಿದು, ನುಣುಪಾದ ಕಲ್ಲಿನಿಂದ ತಿಕ್ಕಿ ಹೊಳಪು ತರುತ್ತಿದ್ದರು. ಆಮೇಲೆ ಬರುವುದು ಸಗಣಿಯ ಸಾರಣೆ. ಸಗಣಿಯಲ್ಲಿರುವ ಹುಲ್ಲಿನ ನಾರು ಮಣ್ಣಿನ ಮೇಲ್ಮೈಯನ್ನು ಹಿಡಿದಿಟ್ಟು ಬಿರುಕನ್ನೂ ಧೂಳನ್ನೂ ತಡೆಯುತ್ತದೆ. ಅದಕ್ಕೆ ಇದ್ದಿಲಿನ ಪುಡಿ ಬೆರೆಸಿದರೆ ನೆಲ ಕಪ್ಪಗೆ ಮಿನುಗುತ್ತದೆ. ಕಳೆದ ಶತಮಾನದಲ್ಲಿ ಟಾರ್ಚಿನ ಬಳಕೆ ಹಳ್ಳಿಗೂ ಹಬ್ಬಿದ ಮೇಲೆ, ಮುಗಿದ ಬ್ಯಾಟರಿಯನ್ನು ಒಡೆದು ಅದರ ಒಳಗಿನ ಕರಿಯನ್ನು ಸಗಣಿಗೆ ಬೆರೆಸುವ ರೂಢಿಯೂ ಹುಟ್ಟಿಕೊಂಡಿತು. ಆ ಕರಿ ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಇಂದು ಹೇಳಬಹುದಾದರೂ, ಕೈಗೆ ಸಿಕ್ಕಿದ ಹೊಸ ವಸ್ತುವನ್ನು ಹಳೆಯ ವಿದ್ಯೆಗೆ ಒಗ್ಗಿಸಿಕೊಂಡ ಈ ಪರಿ, ಆ ವಿದ್ಯೆ ಕುರುಡು ಸಂಪ್ರದಾಯವಾಗಿರಲಿಲ್ಲವೆಂಬುದನ್ನು ತೋರಿಸುತ್ತದೆ.

ಗೋಡೆಗೆ ಸುಣ್ಣ ಬಳಿದು ಅಂಚಿಗೆ ಕೆಮ್ಮಣ್ಣಿನ ಪಟ್ಟೆಯನ್ನು ಎಳೆಯುವುದಕ್ಕೆ ಸುಣ್ಣಕಾರಣೆಯೆಂದು ಹೆಸರು. ಸುಣ್ಣ ಕೊಳ್ಳುವುದು ದುಬಾರಿಯಾಗಿದ್ದ ಕಡೆಗಳಲ್ಲಿ ಹಳ್ಳದ ದಂಡೆಯಲ್ಲೋ ಗುಡ್ಡದ ಕೊರಕಲಿನಲ್ಲೋ ಸಿಗುವ ಬಿಳಿಯ ಜೇಡಿಮಣ್ಣು, ಅಂದರೆ ಉತ್ತರ ಕನ್ನಡದವರು ಶೇಡಿಯೆಂದು ಕರೆಯುವ ಮಣ್ಣು, ಅದರ ಸ್ಥಾನವನ್ನು ತುಂಬುತ್ತಿತ್ತು. ದೀಪಾವಳಿ ಬರುವ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ, ಗೋಡೆ ಒಣಗಿರುತ್ತದೆ, ಕೊಯ್ಲಿನ ನೂಕುನುಗ್ಗಲು ಇನ್ನೂ ಆರಂಭವಾಗಿರುವುದಿಲ್ಲ. ಆದ್ದರಿಂದ ಮನೆ ಬಳಿಯುವ ಕೆಲಸಕ್ಕೆ ಆ ಹಬ್ಬವೇ ಗಡುವಾದದ್ದರಲ್ಲಿ ಕೃಷಿಯ ವಿವೇಕವಿದೆ. ಗೋಡೆಗೆ ಕಲಸಿದ ಶೇಡಿ, ಕೆಮ್ಮಣ್ಣುಗಳು ಗೋಪೂಜೆಯ ದಿನ ದನಕರುಗಳ ಮೈಮೇಲೂ ದುಂಡು ಮುದ್ರೆಗಳಾಗಿ ಮೂಡುತ್ತಿದ್ದವು.

ಈ ಸಾಮಾನ್ಯ ಬಳಿಯುವಿಕೆಯ ಮೇಲೆ ನಿಂತ ವಿಶಿಷ್ಟ ಕಲೆಯೇ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ. ದೀವರು ಈ ಸೀಮೆಯ ದೊಡ್ಡ ಕೃಷಿಕ ಸಮುದಾಯಗಳಲ್ಲೊಂದು. ಹಳೆಪೈಕರೆಂಬ ಹೆಸರಿನಲ್ಲಿಯೂ ದಾಖಲೆಗಳಲ್ಲಿ ಕಾಣಿಸಿಕೊಂಡವರು. ಹಸೆಯೆಂದರೆ ಮದುವೆಯಲ್ಲಿ ವಧೂವರರನ್ನು ಕೂರಿಸುವ ಮಂಗಳಾಸನ. ಅದರ ಹಿಂದಿನ ಗೋಡೆಯೇ ಹಸೆಗೋಡೆ. ಮದುವೆ ನಿಶ್ಚಯವಾದ ಮನೆಯಲ್ಲಿ ಆ ಗೋಡೆಯ ಕುಳಿಗಳನ್ನು ಮುಚ್ಚಿ, ಸಾರಿಸಿ, ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ಚಿತ್ತಾರ ಬರೆಯುತ್ತಾರೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದರೆ ಬಿಳಿ, ಅದೇ ಅಕ್ಕಿಯನ್ನು ಕರಕಲಾಗುವವರೆಗೆ ಹುರಿದು, ನೆನೆಸಿ ಅರೆದರೆ ಕಪ್ಪು, ಗುರಿಗೆ ಎಂಬ ಕಾಡುಗಿಡದ ಬೀಜದಿಂದ ಹಳದಿ, ಮಣ್ಣಿನಿಂದ ಕೆಂಪು. ಅಕ್ಕಿಯ ಗಂಜಿಯಂಶವೇ ಬಣ್ಣವನ್ನು ಗೋಡೆಗೆ ಹಿಡಿಸುವ ಅಂಟಾಗುವುದರಿಂದ ಬೇರೆ ಅಂಟಿನ ಅಗತ್ಯ ಬೀಳುವುದಿಲ್ಲ. ಪುಂಡಿ ಗಿಡದ ನಾರನ್ನು ಬಡಿದು, ತುದಿಯನ್ನು ಮೃದುಮಾಡಿ ಕಟ್ಟಿದ್ದು ಕುಂಚ. ಕೊಂಡು ತರಬೇಕಾದ ವಸ್ತು ಇವುಗಳಲ್ಲಿ ಒಂದೂ ಇಲ್ಲ.

ಚಿತ್ತಾರದ ಜೀವವಿರುವುದು ಎಳೆಯಲ್ಲಿ. ಎಳೆಯೆಂದರೆ ಒಂದರ ಪಕ್ಕಕ್ಕೊಂದು ಸಮಾನಾಂತರವಾಗಿ ಸಾಗುವ ಸಣ್ಣ ಗೆರೆ. ಅಳತೆಗೋಲಿನ ನೆರವಿಲ್ಲದೆ ಕೈಯೊಂದರ ಹಿಡಿತದಿಂದಲೇ ಮಾರುದ್ದದ ಎಳೆಗಳನ್ನು ನೇರವಾಗಿ ಎಳೆದು, ಅವು ಕೂಡುವ ಮೂಲೆಗಳಲ್ಲಿ ತ್ರಿಕೋನ, ಚೌಕ, ಜಾಲರಿಗಳನ್ನು ತುಂಬಿ, ಸುತ್ತಲೂ ಚೌಕಟ್ಟು ಕಟ್ಟಿ, ನಡುವೆ ಮದುಮಕ್ಕಳ ಗೊಂಬೆ, ದಂಡಿಗೆ, ಬಾಸಿಂಗ, ಸೂರ್ಯ ಚಂದ್ರರನ್ನು ಬರೆಯುತ್ತಾರೆ. ಜೋಗಿ ಜಡೆ, ಪಪ್ಪಲಿ ಮುಂತಾದ ಹೆಸರುಳ್ಳ ಎಳೆಯ ವಿನ್ಯಾಸಗಳು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಬದಲಾಗುತ್ತ ಬಂದವು. ಬರೆಯುವಾಗ ಜೊತೆಯವರು ಹಾಡುವ ಹಾಡುಗಳಲ್ಲಿ ಚಿತ್ತಾರ ಬರೆಯುವ ಕ್ರಮವೇ ವಸ್ತುವಾಗಿರುವುದುಂಟು. ಹೀಗಾಗಿ ಅಕ್ಷರ ಬಾರದ ಕಾಲದಲ್ಲಿ ಹಾಡೇ ಈ ಕಲೆಗೆ ಪಠ್ಯವೂ ಆಗಿತ್ತು.

ಗೋಡೆಗೆ ಮದುವೆ ಹೇಗೋ ಬುಟ್ಟಿಗೆ ಭೂಮಿಹುಣ್ಣಿಮೆ ಹಾಗೆ. ಆಶ್ವಯುಜ ಮಾಸದ ಹುಣ್ಣಿಮೆಯ ಹೊತ್ತಿಗೆ ಗದ್ದೆಯ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಭೂಮಿಯನ್ನು ಬಸುರಿಯೆಂದು ಭಾವಿಸಿ, ಅವಳ ಬಯಕೆ ತೀರಿಸಲು ಬಗೆಬಗೆಯ ಅಡುಗೆಯನ್ನು ಗದ್ದೆಗೆ ಒಯ್ದು ಚರಗ ಚೆಲ್ಲುವ ಹಬ್ಬವಿದು. ಆ ಎಡೆಯನ್ನು ಹೊರುವ ಭೂಮಣ್ಣಿ ಬುಟ್ಟಿಯನ್ನು ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಸಗಣಿಯಿಂದ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಭತ್ತದ ಸಸಿ, ಬಳ್ಳಿ, ಏಣಿ ಮುಂತಾದವನ್ನು ಬರೆಯುತ್ತಾರೆ. ಗೋಡೆಗೆ ಮಾಡುವ ಸಿದ್ಧತೆಯನ್ನೇ ಬಿದಿರಿನ ಬುಟ್ಟಿಗೂ ಮಾಡುವುದನ್ನು ಗಮನಿಸಿದರೆ, ಬುಟ್ಟಿಯ ಸಂದುಗಳನ್ನು ಮುಚ್ಚಿ ಗಟ್ಟಿಮಾಡುವ ಉಪಯೋಗ ಮತ್ತು ಅದನ್ನು ಚೆಂದಗೊಳಿಸುವ ಸಂತೋಷ ಎಂದೂ ಬೇರೆಬೇರೆಯಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಗೋಡೆಯ ಮೇಲೆ ಬರೆಯುವ ವಿದ್ಯೆಗೆ ಅರಮನೆಯ ಶಾಸ್ತ್ರವೂ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ ಭಿತ್ತಿಯನ್ನು ಹದಗೊಳಿಸುವ ಕ್ರಮವನ್ನೂ, ಎಮ್ಮೆಯ ಚರ್ಮವನ್ನು ಕುದಿಸಿ ಮಾಡುವ ವಜ್ರಲೇಪವೆಂಬ ಅಂಟನ್ನೂ ವಿವರಿಸುತ್ತದೆ. ಚಿತ್ರದ ಬಗೆಗಳನ್ನು ಎಣಿಸುವಾಗ ಪುಡಿಯಿಂದ ಬಿಡಿಸುವ ಧೂಳಿಚಿತ್ರವನ್ನು, ಅಂದರೆ ರಂಗವಲ್ಲಿಯ ಬಗೆಯದನ್ನು, ಸೇರಿಸುತ್ತದೆ. ಈ ಪರಂಪರೆಯ ಚಿತ್ರಶಾಸ್ತ್ರ ಕೆಳದಿಯ ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ದಲ್ಲಿಯೂ ಬರುತ್ತದೆ. ಕೆಳದಿ, ಇಕ್ಕೇರಿಗಳು ಇಂದಿನ ಸಾಗರ ತಾಲ್ಲೂಕಿನವೇ ಆದ್ದರಿಂದ, ಒಂದೇ ನೆಲದಲ್ಲಿ ಸಂಸ್ಕೃತದ ಚಿತ್ರಶಾಸ್ತ್ರವೂ ಕನ್ನಡದ ಹೆಂಗಸರ ಕೈವಿದ್ಯೆಯೂ ನೆರೆಹೊರೆಯಾಗಿ ಬಾಳಿರುವುದು ಸಾಧ್ಯ. ಆದರೆ ಒಂದು ಇನ್ನೊಂದರಿಂದ ಇಳಿದು ಬಂದಿತೆಂದು ಹೇಳಲು ಆಧಾರವಿಲ್ಲ. ಹಾಗೆ ಹೇಳುವ ಅಗತ್ಯವೂ ಇಲ್ಲ. ಅಂಟಿಗೆ ಚರ್ಮ ಕುದಿಸುವ ವಿದ್ಯೆ ಒಂದು ಕಡೆ, ಅಂಟಿಗೆ ಅಕ್ಕಿ ಅರೆಯುವ ವಿದ್ಯೆ ಇನ್ನೊಂದು ಕಡೆ, ಎರಡೂ ಪೂರ್ಣವಾದವೇ.

ಘಟ್ಟದ ಕೆಳಗೆ, ಕರಾವಳಿಯಲ್ಲಿ, ಇದೇ ಕೆಂಪು ಬಿಳುಪುಗಳು ಕಾವಿ ಕಲೆಯ ರೂಪದಲ್ಲಿ ದೇವಾಲಯದ ಗೋಡೆಗೇರಿದವು. ಸುಣ್ಣದ ಗಾರೆಯ ಮೇಲೆ ಕಾವಿಯ ಪದರ ಕೊಟ್ಟು, ಹಸಿಯಿರುವಾಗಲೇ ಮೊನಚಾದ ಉಪಕರಣದಿಂದ ಗೀರಿ ಒಳಗಿನ ಬಿಳುಪನ್ನು ಹೊರತೆಗೆಯುವ ಈ ಕಲೆಯನ್ನು ಹೊನ್ನಾವರದ ಕೃಷ್ಣಾನಂದ ಕಾಮತ್ ಅವರು ಅಕ್ಕರೆಯಿಂದ ದಾಖಲಿಸಿದ್ದಾರೆ. ಅದು ತಲೆಮಾರುಗಳ ಕಾಲ ಬಾಳುವ ಕಲೆ. ಹಸೆ ಚಿತ್ತಾರವಾದರೋ ಹೊಗೆಗೆ ಮಾಸಿ, ಮುಂದಿನ ಸಾರಣೆಯಲ್ಲಿ ಅಳಿದು, ಮುಂದಿನ ಮದುವೆಗೆ ಮತ್ತೆ ಹುಟ್ಟುವಂಥದು. ಆದ್ದರಿಂದ ಹಳೆಯ ಚಿತ್ತಾರದ ಗೋಡೆಯನ್ನು ಹುಡುಕಿ ಅದರ ಪ್ರಾಚೀನತೆಯನ್ನು ಅಳೆಯಲು ಬರುವುದಿಲ್ಲ; ಬರೆಯುವ ಕೈ ಎಷ್ಟು ತಲೆಮಾರು ಬಾಳಿತೋ ಅಷ್ಟೇ ಅದರ ಪ್ರಾಚೀನತೆ.

ಈ ವರ್ಷಾವರ್ತಿ ಕ್ರಮಕ್ಕೆ ಮೊದಲ ಬದಲಾವಣೆ ಬಂದದ್ದು ಮೇಲಿನಿಂದ, ಮಾಡಿನಿಂದ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್, ಮತಾಂತರದಿಂದ ಹಳೆಯ ಕಸುಬು ಕಳೆದುಕೊಂಡವರಿಗೆ ಕೆಲಸ ಒದಗಿಸಲು ನೇಯ್ಗೆ, ಮುದ್ರಣಗಳ ಜೊತೆಗೆ ಹೆಂಚಿನ ಉದ್ಯಮವನ್ನೂ ಕೈಗೆತ್ತಿಕೊಂಡಿತು. ಜಾರ್ಜ್ ಪ್ಲೆಬ್ಸ್ಟ್ ಅವರ ಮುಂದಾಳ್ತನದಲ್ಲಿ 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಆರಂಭವಾಯಿತು. ನೇತ್ರಾವತಿ ತೀರದ ಜೇಡಿಮಣ್ಣಿನಿಂದ ಅಚ್ಚೊತ್ತಿ ಸುಟ್ಟ ಈ ಹೆಂಚು ಒಂದಕ್ಕೊಂದು ಕಚ್ಚಿಕೊಂಡು ಕೂರುವುದರಿಂದ ಸುಲಭವಾಗಿ ಸರಿಯುವುದಿಲ್ಲ, ಹುಲ್ಲಿನಂತೆ ಬೆಂಕಿಗೆ ಹೆದರುವುದಿಲ್ಲ, ಪ್ರತಿವರ್ಷ ಹೊದಿಸಬೇಕೆಂಬ ಕಾಟವಿಲ್ಲ. ಅದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಮಳೆಗಾಲದ ರಾತ್ರಿ ಸೋರುವ ಮಾಡಿನ ಕೆಳಗೆ ಕಳೆದ ಕುಟುಂಬಕ್ಕೆ ಅದು ದೊಡ್ಡ ನೆಮ್ಮದಿ. ಆದರೆ ಘಟ್ಟದ ಮೇಲಿನ ಗೇಣಿದಾರನ ಮನೆಗೆ ಅದು ತಡವಾಗಿಯೇ ತಲುಪಿತು. ಅದಕ್ಕೆ ಕಾರಣ ಹಣದ ಅಭಾವವೊಂದೇ ಆಗಿರಲಿಲ್ಲ.

ದೀವರಲ್ಲಿ ಬಹುಪಾಲು ಜನ ಪರರ ಗದ್ದೆಯನ್ನು ಗೇಣಿಗೆ ಮಾಡುವವರಾಗಿದ್ದರು. ಯಾವಾಗ ಬೇಕಾದರೂ ಬಿಡಿಸಬಹುದಾದ ಗದ್ದೆಯನ್ನು ನಂಬಿ ಬಾಳುವವನು ಮನೆಗೆ ಶಾಶ್ವತವಾದ ಸಾಮಗ್ರಿ ಹಾಕಲು ಹಿಂಜರಿಯುವುದು ಸಹಜ. ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರು 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹವಾಗಿ ಬೆಳೆಯಿತು, ಎಚ್. ಗಣಪತಿಯಪ್ಪ ಅದನ್ನು ಸಂಘಟಿಸಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸು ಅವರ ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಗೇಣಿದಾರರು ಭೂ ನ್ಯಾಯಮಂಡಳಿಗಳ ಮೂಲಕ ಒಡೆಯರಾದರು. ನೆಲ ತಮ್ಮದಾದ ಮೇಲೆ ಮನೆಯ ಮೇಲೆ ಹಣ ಹಾಕುವ ಧೈರ್ಯ ಬಂದಿತು. ಹೆಂಚು, ಸಿಮೆಂಟಿನ ಗಿಲಾವು, ಕೆಂಪು ರೆಡಾಕ್ಸೈಡ್ ನೆಲಗಳು ಒಂದೊಂದಾಗಿ ಒಳಗೆ ಬಂದವು. ಇದಕ್ಕೂ ಮೊದಲು, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿ ಕಣಿವೆಯ ಎಷ್ಟೋ ಹಳ್ಳಿಗಳು ಮುಳುಗಿ, ಅಲ್ಲಿನವರು ತಮ್ಮ ಗೋಡೆಗಳನ್ನು ನೀರಿಗೆ ಬಿಟ್ಟು ಹೊಸ ಜಾಗಗಳಲ್ಲಿ ಮನೆ ಹೂಡಬೇಕಾಗಿತ್ತು. ಗೋಡೆಯ ಕಲೆಯ ಚರಿತ್ರೆಯನ್ನು ಬರೆಯುವವರು ಈ ಎರಡು ಘಟನೆಗಳನ್ನು ಬಿಟ್ಟು ಬರೆದರೆ ಅದು ಅರ್ಧ ಚರಿತ್ರೆ.

ಸಿಮೆಂಟಿನ ಗೋಡೆಗೆ ವರ್ಷಕ್ಕೊಮ್ಮೆ ಮಣ್ಣು ಬಳಿಯಬೇಕಿಲ್ಲ, ಬಳಿದರೂ ಅದು ಸರಿಯಾಗಿ ಹಿಡಿಯುವುದಿಲ್ಲ. ಬಳಿಯುವ ಕೆಲಸ ನಿಂತ ಮನೆಯಲ್ಲಿ ಅದರ ಬೆನ್ನಿಗೇ ಬರುತ್ತಿದ್ದ ಬರೆಯುವ ಕೆಲಸಕ್ಕೂ ಸಂದರ್ಭ ತಪ್ಪಿತು. ದುಡಿಮೆಯ ಭಾರ ಇಳಿದದ್ದು ಹೆಂಗಸರಿಗೆ ನಿಜವಾದ ಬಿಡುಗಡೆ. ಹಳೆಯ ಗೋಡೆಯ ಹೆಸರಿನಲ್ಲಿ ಆ ಭಾರವನ್ನು ಮತ್ತೆ ಅವರ ತಲೆಗೆ ಹೊರಿಸುವ ಹಕ್ಕು ಯಾರಿಗೂ ಇಲ್ಲ. ಚಿತ್ತಾರ ಈಗ ಬಟ್ಟೆ, ಕಾಗದ, ಹಲಗೆಗಳ ಮೇಲೆ ಬಾಳುತ್ತಿದೆ. ಕೆಲವರಿಗೆ ಅದು ಸಂಪಾದನೆಯ ದಾರಿಯೂ ಆಗಿದೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಚೌಕಟ್ಟಿನೊಳಗೆ ಉಳಿದಿರುವುದು ವಿನ್ಯಾಸ ಮಾತ್ರ. ಯಾವ ಗುಡ್ಡದ ಕೆಮ್ಮಣ್ಣು ಬಿರುಕು ಬಿಡದೆ ಕೂರುತ್ತದೆ, ಸಗಣಿಯೂ ಮಣ್ಣೂ ಯಾವ ಪ್ರಮಾಣದಲ್ಲಿ ಬೆರೆಯಬೇಕು, ಅಕ್ಕಿಯನ್ನು ಎಷ್ಟು ಹುರಿದರೆ ಕಪ್ಪು ಕೂಡುತ್ತದೆ ಎಂಬ ತಿಳಿವಳಿಕೆ ಇನ್ನೂ ಹಿರಿಯ ಹೆಂಗಸರ ಕೈಯಲ್ಲಿದೆ, ಅದು ಬರಹಕ್ಕೆ ಬಂದಿರುವುದು ತೀರ ಕಡಿಮೆ. ಮಲೆನಾಡಿನ ಕಾಲೇಜುಗಳೂ ಜಾನಪದ ಸಂಸ್ಥೆಗಳೂ ಚಿತ್ತಾರದ ರೇಖೆಯನ್ನು ನಕಲಿಳಿಸಿಕೊಳ್ಳುವುದರ ಜೊತೆಗೆ ಗೋಡೆಯ ಸಿದ್ಧತೆಯನ್ನು ಪದರಪದರವಾಗಿ, ಅದನ್ನು ಬಲ್ಲವರ ಬಾಯಿಂದಲೇ ಕೇಳಿ, ಅವರ ಹೆಸರಿನೊಂದಿಗೆ ದಾಖಲಿಸಬೇಕು. ಆ ಕೆಲಸ ಈ ತಲೆಮಾರಿನಲ್ಲಿಯೇ ಆಗಬೇಕು.