ಅತಿವಾಹಕ ವೇಗವರ್ಧಕ ಕುಹರಗಳು: ಒಳಮೈ ಗುಣಮಟ್ಟದ ಮಹತ್ವ

ಪೀಠಿಕೆ
ವಿದ್ಯುದಾವೇಶವುಳ್ಳ ಕಣಗಳ ಶಕ್ತಿಯನ್ನು ಹೆಚ್ಚಿಸುವ ಯಂತ್ರವೇ ಕಣ ವೇಗವರ್ಧಕ. ಇದರಲ್ಲಿ ಕಣಗಳನ್ನು ಮುಂದೂಡುವ ಟೊಳ್ಳಾದ ಲೋಹದ ಪಾತ್ರೆಯನ್ನು ಕುಹರವೆಂದು ಕರೆಯಲಾಗುತ್ತದೆ. ನಯೋಬಿಯಂ ಲೋಹವು 9.2 ಕೆಲ್ವಿನ್‌ಗಿಂತ ಕೆಳಗೆ ಅತಿವಾಹಕವಾಗುವುದರಿಂದ, ಅದರಿಂದ ತಯಾರಿಸಿದ ಕುಹರದಲ್ಲಿ ವಿದ್ಯುತ್ ನಷ್ಟವು ಅತ್ಯಲ್ಪ. ಇಂತಹ ಅನೇಕ ಕುಹರಗಳನ್ನು ದ್ರವ ಹೀಲಿಯಂ ಬಳಸಿ 2 ಕೆಲ್ವಿನ್‌ವರೆಗೆ ತಂಪುಗೊಳಿಸಲಾಗುತ್ತದೆ.

ಭಾರತದಲ್ಲಿ
ಇಂದೋರ್‌ನಲ್ಲಿ 1984ರಲ್ಲಿ ಸ್ಥಾಪನೆಯಾದ ಉನ್ನತ ತಂತ್ರಜ್ಞಾನ ಕೇಂದ್ರಕ್ಕೆ 2005ರಲ್ಲಿ ಕರ್ನಾಟಕದವರಾದ ಭೌತವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರನ್ನಿಡಲಾಯಿತು. ಸದರಿ ಕೇಂದ್ರದಲ್ಲಿ ನಯೋಬಿಯಂ ಕುಹರಗಳ ತಯಾರಿಕೆ, ಶುದ್ಧೀಕರಣ ಹಾಗೂ ಪರೀಕ್ಷೆ ನಡೆಯುತ್ತದೆ.

ಒಳಮೈ ಏಕೆ ಮುಖ್ಯ
ಕುಹರದ ಗೋಡೆಯು ಕೆಲವು ಮಿಲಿಮೀಟರ್ ದಪ್ಪವಿದ್ದರೂ, ವಿದ್ಯುತ್ ಹರಿಯುವುದು ಒಳಮೈಯ ಸುಮಾರು 40 ನ್ಯಾನೋಮೀಟರ್ ಪದರದಲ್ಲಿ ಮಾತ್ರ. ಆದ್ದರಿಂದ ಇಡೀ ಕುಹರದ ಸಾಮರ್ಥ್ಯವನ್ನು ಈ ತೆಳು ಪದರವೇ ನಿರ್ಧರಿಸುತ್ತದೆ.

ಸಾಮರ್ಥ್ಯವನ್ನು ಮಿತಿಗೊಳಿಸುವ ದೋಷಗಳು
1. ವೆಲ್ಡಿಂಗ್ ಗುಳಿ ಅಥವಾ ಅನ್ಯಲೋಹದ ಕಣ: ಆ ಜಾಗವು ಬಿಸಿಯಾಗಿ, ಸುತ್ತಲಿನ ಲೋಹವೂ ಅತಿವಾಹಕತೆಯನ್ನು ಕಳೆದುಕೊಳ್ಳುತ್ತದೆ.
2. ಧೂಳಿನ ಕಣ: ಅದರ ಚೂಪಾದ ತುದಿಯಿಂದ ಎಲೆಕ್ಟ್ರಾನ್‌ಗಳು ಹೊರಹೊಮ್ಮಿ ಶಕ್ತಿಯನ್ನು ಕಬಳಿಸುತ್ತವೆ, ಕ್ಷ-ಕಿರಣಗಳೂ ಉಂಟಾಗುತ್ತವೆ.
3. ಲೋಹ ಹೀರಿಕೊಂಡ ಹೈಡ್ರೋಜನ್: ನಿಧಾನವಾಗಿ ತಂಪುಗೊಳಿಸಿದಾಗ ಹೈಡ್ರೈಡ್ ಆಗಿ ಮಾರ್ಪಟ್ಟು ನಷ್ಟವನ್ನು ಹೆಚ್ಚಿಸುತ್ತದೆ.

ನಿವಾರಣಾ ಕ್ರಮಗಳು
1. ತಯಾರಿಕೆಯಲ್ಲಿ ಹಾನಿಗೊಂಡ ಸುಮಾರು 100ರಿಂದ 150 ಮೈಕ್ರೋಮೀಟರ್ ಪದರವನ್ನು ಆಮ್ಲದಿಂದ ಅಥವಾ ವಿದ್ಯುತ್ ಹೊಳಪು ವಿಧಾನದಿಂದ ತೆಗೆಯುವುದು.
2. ನಿರ್ವಾತ ಕುಲುಮೆಯಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ ಹೈಡ್ರೋಜನ್ ಹೊರಹಾಕುವುದು.
3. ಅತಿಶುದ್ಧ ನೀರನ್ನು ಸುಮಾರು 100 ಬಾರ್ ಒತ್ತಡದಲ್ಲಿ ಸಿಂಪಡಿಸಿ ತೊಳೆಯುವುದು.
4. ಧೂಳುರಹಿತ ಕೊಠಡಿಯಲ್ಲಿಯೇ ಒಣಗಿಸಿ ಜೋಡಿಸುವುದು.
5. ಅಗತ್ಯವಿದ್ದಲ್ಲಿ, ನಿರ್ವಾತದಲ್ಲಿ ಸುಮಾರು 120 ಡಿಗ್ರಿಯಲ್ಲಿ 48 ಗಂಟೆ ಕಾಯಿಸುವುದು.

ವೆಚ್ಚದ ಮೇಲಿನ ಪರಿಣಾಮ
ಒಟ್ಟು 100 ಕೋಟಿ ವೋಲ್ಟ್ ವೇಗವರ್ಧನೆಗೆ, ಮೀಟರಿಗೆ 2.5 ಕೋಟಿ ವೋಲ್ಟ್ ನೀಡುವ ಕುಹರಗಳಾದರೆ 40 ಮೀಟರ್ ಉದ್ದ ಸಾಕು. ಒಳಮೈ ದೋಷದಿಂದ ಸಾಮರ್ಥ್ಯವು 2 ಕೋಟಿಗೆ ಇಳಿದರೆ 50 ಮೀಟರ್ ಬೇಕಾಗುತ್ತದೆ. ಅದಕ್ಕೆ ತಕ್ಕಂತೆ ನಯೋಬಿಯಂ, ಶೀತಲೀಕರಣ ಹಾಗೂ ಕಟ್ಟಡದ ವೆಚ್ಚವೂ ಏರುತ್ತದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2017ರಲ್ಲಿ ಕಾರ್ಯಾರಂಭಗೊಂಡ ಯುರೋಪಿಯನ್ ಕ್ಷ-ಕಿರಣ ಲೇಸರ್ ಸ್ಥಾವರದಂತಹ ಯೋಜನೆಗೆ ನೂರಾರು ಕುಹರಗಳು ಬೇಕಾಗುವುದರಿಂದ, ಶುಚಿತ್ವಕ್ಕೆ ಮಾಡುವ ವೆಚ್ಚವು ಉಳಿತಾಯವೇ ಆಗಿರುತ್ತದೆ.

ವಿಶೇಷ ಸೂಚನೆ
ಮೇಲ್ಕಂಡ ಆಮ್ಲ ಸಂಸ್ಕರಣೆಯಲ್ಲಿ ಬಳಸುವ ಹೈಡ್ರೋಫ್ಲೋರಿಕ್ ಆಮ್ಲವು ಪ್ರಾಣಾಪಾಯಕಾರಿ. ತರಬೇತಿ ಪಡೆದ ಸಿಬ್ಬಂದಿಯುಳ್ಳ, ಸುಸಜ್ಜಿತ ಪ್ರಯೋಗಾಲಯದ ಹೊರತು ಬೇರೆಲ್ಲಿಯೂ ಇದನ್ನು ಬಳಸತಕ್ಕದ್ದಲ್ಲ. ವಿದ್ಯಾರ್ಥಿಗಳು ಮತ್ತು ಶಾಲಾ-ಕಾಲೇಜುಗಳು ಈ ಅಂಶವನ್ನು ಕಡ್ಡಾಯವಾಗಿ ಗಮನಿಸುವುದು.