ನಜ್ರಾನಿನ ಕ್ರೂ ಹೌಸ್

ನಜ್ರಾನಿಗೆ ಬಂದ ಹೊಸದರಲ್ಲಿ ನಮ್ಮ ಬ್ಯಾಚುಲರ್ ರೂಮಿನ ಪಕ್ಕದ ಮನೆಯಲ್ಲಿ ಹೆಲಿಕಾಪ್ಟರ್ ಸಿಬ್ಬಂದಿ ಇದ್ದರು. ಪೈಲಟ್‌ಗಳು, ಎಂಜಿನಿಯರ್‌ಗಳು ಸೇರಿ ಏಳು ಜನ, ನಾಲ್ಕು ದೇಶದವರು. ಎಲ್ಲರ ಬಾಯಲ್ಲೂ ಅದು ‘ಕ್ರೂ ಹೌಸ್’. ಅಲ್ಲಿದ್ದ ಒಬ್ಬರೇ ಕನ್ನಡಿಗರು ಉಡುಪಿ ಕಡೆಯವರು, ಭಾರತೀಯ ವಾಯುಸೇನೆಯಿಂದ ನಿವೃತ್ತರಾದ ತಂತ್ರಜ್ಞರು. ನಮಗೆಲ್ಲ ಅವರು ‘ಅಣ್ಣ’. ನಾನು ಸಿಎ ಓದಿದವನೆಂಬ ಒಂದೇ ಕಾರಣಕ್ಕೆ ಆ ಮನೆಯ ಮೆಸ್ ಪುಸ್ತಕ ನನ್ನ ಕೈಗೆ ಬಂತು.

ಶುಕ್ರವಾರ ಅಕ್ಕಿ, ಕೋಳಿ, ಗ್ಯಾಸು, ಖುಬ್ಸ್‌ಗಳ ಚೀಟಿ ಹರಡಿಕೊಂಡು ಕೂತರೆ ಅಣ್ಣ, “ಲೆಕ್ಕ ಆಮೇಲೆ ಮಾರಾಯ್ರೆ, ಮೊದಲು ಊಟ ಮಾಡಿ” ಎನ್ನುತ್ತಿದ್ದರು. ಹಿಂದಿನ ರಾತ್ರಿ ಜಗಳವಾಡಿದ್ದವರೂ ಅಲ್ಲಿ ಒಂದೇ ತಟ್ಟೆಗೆ ಕೈಹಾಕುತ್ತಿದ್ದರು. “ಇವನು ಬಿಗಿದ ನಟ್ಟನ್ನು ನಂಬಿ ಅವನು ಹಾರಬೇಕು. ಮಾತು ಬಿಟ್ಟರೆ ಆಗ್ತದಾ?” ಎಂದು ಅಣ್ಣ ನಗುತ್ತಿದ್ದರು.

ನಮಗಿಂತ ಬಹಳ ಹಿಂದೆಯೇ ಈ ಊರಿಗೆ ಬೇರೆ ದೇಶಗಳ ಹಾರಾಟಗಾರರು ಬಂದಿದ್ದರೆಂದು ಮೊದಲು ಹೇಳಿದವರೂ ಅವರೇ. ಆಮೇಲೆ ನಾನು ಓದಿ ತಿಳಿದುಕೊಂಡೆ.

1934ರ ತಾಯಿಫ್ ಒಪ್ಪಂದದಿಂದ ನಜ್ರಾನ್ ಸೌದಿಗೆ ಸೇರಿತು. 1962ರ ಸೆಪ್ಟೆಂಬರ್‌ನಲ್ಲಿ ಯೆಮನ್‌ನ ಇಮಾಮರ ಆಳ್ವಿಕೆಯನ್ನು ಸೇನಾಧಿಕಾರಿಗಳು ಉರುಳಿಸಿದರು. ಇಮಾಮರ ಪಕ್ಷಕ್ಕೆ ಸೌದಿ, ಗಣರಾಜ್ಯದ ಪಕ್ಷಕ್ಕೆ ಈಜಿಪ್ಟ್ ನಿಂತವು. ಈಜಿಪ್ಟಿನ ವಿಮಾನಗಳು ನಜ್ರಾನಿನ ಮೇಲೂ ಬಾಂಬು ಹಾಕಿದವು. ಸೌದಿ ನೆರವು ನಿಲ್ಲಿಸಬೇಕು, ಈಜಿಪ್ಟ್ ಸೈನ್ಯ ಹಿಂದಕ್ಕೆ ಹೋಗಬೇಕು ಎಂದು ಒಪ್ಪಂದವಾಯಿತು. ಅದನ್ನು ನೋಡಿ ವರದಿ ಮಾಡಲು ವಿಶ್ವಸಂಸ್ಥೆಯ ವೀಕ್ಷಕ ತಂಡ 1963ರ ಜುಲೈ 4ರಂದು ಕೆಲಸ ಆರಂಭಿಸಿತು. ಗಡಿಯ ಎರಡೂ ಕಡೆ 20 ಕಿಲೋಮೀಟರ್ ಅದರ ಕ್ಷೇತ್ರ. ಯುಗೊಸ್ಲಾವಿಯಾದ ಸುಮಾರು 114 ಸೈನಿಕರು, ಕೆನಡಾ ವಾಯುಪಡೆಯ ಸುಮಾರು 50 ಮಂದಿ ಬಂದರು. ಜಿಜಾನ್, ನಜ್ರಾನ್, ಸಾದಾ ಅವರ ನೆಲೆಗಳು. ಕೆನಡಿಯನ್ನರ ಬಳಿ ಕ್ಯಾರಿಬೂ, ಆಟರ್ ವಿಮಾನಗಳೂ ಎಚ್-19 ಹೆಲಿಕಾಪ್ಟರ್‌ಗಳೂ ಇದ್ದವು. ಸ್ವೀಡನ್ನಿನ ಜನರಲ್ ಫಾನ್ ಹಾರ್ನ್ ಆಗಸ್ಟ್‌ನಲ್ಲೇ ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್‌ನಲ್ಲಿ ಬಂದ ದಂಡನಾಯಕರು ನಮ್ಮವರು, ಲೆಫ್ಟಿನೆಂಟ್ ಜನರಲ್ ಪಿ. ಎಸ್. ಗ್ಯಾನಿ.

ಪಿಸ್ಟನ್ ಎಂಜಿನ್ನಿನ ಎಚ್-19 ಎಂದಾಗ ಅಣ್ಣ ತಲೆಯಾಡಿಸಿದ್ದರು. ನಜ್ರಾನೇ ಸುಮಾರು 1,300 ಮೀಟರ್ ಎತ್ತರದಲ್ಲಿದೆ. ಯೆಮನ್ ಕಡೆಯ ಬೆಟ್ಟಗಳು ಇನ್ನೂ ಎತ್ತರ. ಬಿಸಿಲಿಗೆ ಗಾಳಿ ತೆಳುವಾದರೆ ರೆಕ್ಕೆಗೆ ಹಿಡಿತ ಸಿಗದು, ಎಂಜಿನ್ನಿಗೆ ಉಸಿರು ಸಾಲದು. ಹೊರೆ ಇಳಿಸಬೇಕು, ಇಲ್ಲವೇ ನಸುಕಿನಲ್ಲೇ ಹಾರಬೇಕು. ಸಾಗಣೆಯ ಬಹುಪಾಲು ನಡೆಯುತ್ತಿದ್ದುದೋ ರಾತ್ರಿಯಲ್ಲಿ. ಹಗಲಲ್ಲಿ ಹಾರುವವರಿಗೆ ಕಂಡದ್ದು ಕಡಿಮೆ.

ಲೆಕ್ಕಿಗನಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಖರ್ಚಿನ ಏರ್ಪಾಡು. ಒಟ್ಟು ಸುಮಾರು 18 ಲಕ್ಷ ಡಾಲರ್. ಅದನ್ನು ಸಮಪಾಲಾಗಿ ಕೊಡಬೇಕಾದವರು ಜಗಳವಾಡುತ್ತಿದ್ದ ಅದೇ ಇಬ್ಬರು, ಸೌದಿ ಮತ್ತು ಈಜಿಪ್ಟ್. ಅವರು ಒಪ್ಪುತ್ತಿದ್ದುದು ಎರಡೆರಡು ತಿಂಗಳಿಗೆ. 1963ರ ಅಕ್ಟೋಬರ್ ಕೊನೆಯಲ್ಲಿ ತಂಡ ಗಂಟುಮೂಟೆ ಕಟ್ಟುವ ಹಂತಕ್ಕೆ ಬಂದಿತ್ತು. ಕೊನೆ ಗಳಿಗೆಯಲ್ಲಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಇನ್ನು ಹಣ ಕೊಡಲಾಗದೆಂದು ಸೌದಿ ತಿಳಿಸಿತು. 1964ರ ಸೆಪ್ಟೆಂಬರ್ 4ಕ್ಕೆ ತಂಡ ಮುಗಿಯಿತು. ಯುದ್ಧ 1970ರವರೆಗೂ ನಡೆಯಿತು.

ಎರಡು ತಿಂಗಳಾಚೆ ನೆಲೆ ಇರುತ್ತದೋ ಇಲ್ಲವೋ ಗೊತ್ತಿಲ್ಲದೆ ಬೆಳಿಗ್ಗೆ ಎದ್ದು ಎಂಜಿನ್ ಪರೀಕ್ಷಿಸಿದವರು ಅವರು. ವರದಿಗಳಲ್ಲಿ ಅವರು ಬರೀ ಸಂಖ್ಯೆ. ಕಾಂಟ್ರ್ಯಾಕ್ಟ್ ನವೀಕರಣಕ್ಕೆ ಕಾಯುವ ನಮಗೆ ಆ ಸಂಖ್ಯೆಯೊಳಗಿನ ಮನುಷ್ಯರನ್ನು ಊಹಿಸುವುದು ಕಷ್ಟವಲ್ಲ.

ನಮ್ಮ ಕ್ರೂ ಹೌಸ್ ಕೂಡ ಕಾಂಟ್ರ್ಯಾಕ್ಟ್ ಮುಗಿದು ಖಾಲಿಯಾಯಿತು. 2015ರಲ್ಲಿ ಗಡಿಯಾಚೆಯಿಂದ ಮತ್ತೆ ಶೆಲ್‌ಗಳು ಬೀಳತೊಡಗಿದಾಗ ಅವರಲ್ಲಿ ಒಬ್ಬರೂ ಇಲ್ಲಿರಲಿಲ್ಲ. ಆದರೆ ಏಳೂ ಜನ ಫೋನ್ ಮಾಡಿ ನನ್ನನ್ನು ವಿಚಾರಿಸಿಕೊಂಡರು. ಮನೆ ಬಿಟ್ಟ ದಿನ ಮೆಸ್ ಪುಸ್ತಕದಲ್ಲಿ 63 ರಿಯಾಲ್ ಉಳಿದಿತ್ತು. ತಲೆಗೆ ಒಂಬತ್ತರಂತೆ ಹಂಚಲು ಹೊರಟಾಗ ಅಣ್ಣ, “ಇರಲಿ ಬಿಡಿ ಮಾರಾಯ್ರೆ, ಲೆಕ್ಕ ಚುಕ್ತಾ ಆದರೆ ಮತ್ತೆ ಸೇರುವುದಕ್ಕೆ ನೆಪ ಬೇಡವಾ?” ಎಂದಿದ್ದರು. ಆ ಪುಸ್ತಕ, ಆ ಹಣ ಈಗಲೂ ನನ್ನ ಬಳಿ ಇವೆ.