ಬೇಲಿಯ ಮೇಲಿನ ಬೋರ್ಡು

ಹೋದ ವಾರ ನಾನೊಂದು ತಪ್ಪು ಮಾಡಿದೆ. ನಮ್ಮ ಬಡಾವಣೆಯ ಮೂಲೆಯ ಖಾಲಿ ಸೈಟಿನಲ್ಲಿ ನಾವೊಂದಿಷ್ಟು ಜನ ಸೇರಿ ಸೊಪ್ಪು, ಬದನೆ, ಬೆಂಡೆ ಬೆಳೆಯುತ್ತಿದ್ದೇವೆ. ಭಾನುವಾರ ಬೀಜ ಹಂಚುತ್ತೇವೆ ಬನ್ನಿ ಅಂತ ಬಣ್ಣಬಣ್ಣದ ಅಕ್ಷರಗಳಲ್ಲಿ ಪೋಸ್ಟರ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದೆ. ಸಂಜೆ ಪಕ್ಕದ ಬೀದಿಯ ಮೇಷ್ಟ್ರು ಸಿಕ್ಕರು. ಅವರಿಗೆ ಕಣ್ಣು ಕಾಣುವುದಿಲ್ಲ, ಬಂದ ಮೆಸೇಜನ್ನೆಲ್ಲ ಫೋನೇ ಓದಿ ಹೇಳುತ್ತದೆ. "ಏನಪ್ಪಾ ಅದು ಕಳಿಸಿದ್ದು? ನನ್ನ ಫೋನು ಬರೀ 'ಫೋಟೋ' ಅಂದು ಸುಮ್ಮನಾಯ್ತು" ಅಂದರು.

ನಾಚಿಕೆಯಾಯಿತು. ಎಲ್ಲರ ತೋಟ ಅಂತ ಹೇಳಿಕೊಂಡು ತಿರುಗುತ್ತಿದ್ದವನು ನಾನೇ. ಆ ರಾತ್ರಿ ನ್ಯೂಯಾರ್ಕಿನ ಸಮುದಾಯ ತೋಟಗಳ ಕತೆ ಮತ್ತೆ ನೆನಪಾಯಿತು. ಅಲ್ಲಿನ ಐವತ್ತು ವರ್ಷಗಳ ಜಗಳವೂ ಇದರ ಸುತ್ತಲೇ ಇದೆ. ನೆಲ ಯಾರದು, ಗೇಟು ಯಾರಿಗೆ ತೆರೆಯುತ್ತದೆ, ಅದು ತೆರೆಯುತ್ತದೆ ಅಂತ ಯಾರಿಗೆ ಗೊತ್ತಾಗುತ್ತದೆ?

1970ರ ದಶಕದಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದಿತ್ತು. ಬಡವರ ಕೇರಿಗಳಲ್ಲಿ ಮಾಲೀಕರು ಕಟ್ಟಡಗಳನ್ನು ಬಿಟ್ಟು ಹೋದರು. ಎಷ್ಟೋ ಕಟ್ಟಡಗಳು ಸುಟ್ಟವು, ಎಷ್ಟೋ ಬಿದ್ದವು. ಉಳಿದದ್ದು ಇಟ್ಟಿಗೆಚೂರು, ಕಸ, ಸುತ್ತ ತಂತಿಬೇಲಿ. 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ಗೆಳೆಯರ ಜೊತೆ ಸೇರಿ ಬೋವರಿ ಮತ್ತು ಹ್ಯೂಸ್ಟನ್ ಬೀದಿಗಳು ಕೂಡುವ ಮೂಲೆಯಲ್ಲಿ ಅಂಥದ್ದೊಂದು ಜಾಗ ಸ್ವಚ್ಛ ಮಾಡಿದರು. ಗುಂಪಿನ ಹೆಸರು 'ಗ್ರೀನ್ ಗೆರಿಲ್ಲಾಸ್'. ಬೀಗ ಹಾಕಿದ ಸೈಟುಗಳಿಗೆ ಇವರು ಬೀಜ, ಗೊಬ್ಬರ, ನೀರು ತುಂಬಿದ ಬಲೂನುಗಳನ್ನು ಬೇಲಿಯಾಚೆಯಿಂದ ಎಸೆಯುತ್ತಿದ್ದರಂತೆ! 1974ರಲ್ಲಿ ನಗರಾಡಳಿತ ಬೋವರಿಯ ಜಾಗವನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಟ್ಟಿತು. ಹೊರಗಿನಿಂದ ಮಣ್ಣು ತಂದು 60 ಏರು ಮಡಿಗಳಲ್ಲಿ ತರಕಾರಿ ಹಾಕಿದರು. ಲಿಜ್ 1985ರಲ್ಲಿ ತೀರಿಕೊಂಡರು, ಮರುವರ್ಷ ತೋಟಕ್ಕೆ ಅವರ ಹೆಸರಿಟ್ಟರು.

ಏರು ಮಡಿ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ಕಟ್ಟಡ ಬಿದ್ದ ಜಾಗದ ಮಣ್ಣಿನಲ್ಲಿ ಹಳೆಯ ಬಣ್ಣದ ಸೀಸ ಸೇರಿರುತ್ತದೆ. ಹಾಗಾಗಿ ಹಲಗೆ ಕಟ್ಟಿ, ಮೇಲೆ ಒಳ್ಳೆಯ ಮಣ್ಣು ತುಂಬುವುದು ಪಟ್ಟಣದ ತೋಟಗಾರರ ರೂಢಿ. ಅದೇ ಮಡಿಯನ್ನು ಇನ್ನಷ್ಟು ಎತ್ತರಿಸಿದರೆ ಬಗ್ಗಲಾಗದ ಅಜ್ಜಿಯೂ ಗಾಲಿಕುರ್ಚಿಯಲ್ಲಿ ಕೂತವರೂ ಕೈಯಾಡಿಸಬಹುದು. 1990ರಲ್ಲಿ ಅಮೆರಿಕದಲ್ಲಿ ಅಂಗವಿಕಲರ ಹಕ್ಕಿನ ಕಾಯಿದೆ ಬಂತು. ಅದರ ಮಾನದಂಡದ ಪ್ರಕಾರ ದಾರಿ ಕನಿಷ್ಠ 36 ಅಂಗುಲ ಅಗಲ ಇರಬೇಕು. ಮೇಜಿನಂಥ ಮಡಿಯ ಕೆಳಗೆ ಮೊಣಕಾಲು ತೂರಲು 27 ಅಂಗುಲ ಎತ್ತರ ಬೇಕು. ಒಂದು ಅಳತೆಪಟ್ಟಿ ಇದ್ದರೆ ಆಗುವ ಕೆಲಸ.

1978ರಲ್ಲಿ ನಗರವೇ 'ಗ್ರೀನ್‌ಥಂಬ್' ಯೋಜನೆ ಶುರುಮಾಡಿ ತೋಟಗಳಿಗೆ ನೆರವಾಯಿತು. ಆದರೆ ಜಾಗದ ಬೆಲೆ ಏರಿದ ಮೇಲೆ ಕಣ್ಣು ಬಿತ್ತು. 1999ರಲ್ಲಿ ಮೇಯರ್ ರೂಡಿ ಜೂಲಿಯಾನಿ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಟ್ಟರು. ಜನ ಬೀದಿಗಿಳಿದರು. ಮೇ ತಿಂಗಳಲ್ಲಿ, ಹರಾಜಿನ ಹಿಂದಿನ ದಿನ, 'ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್' ಮತ್ತು ಗಾಯಕಿ ಬೆಟ್ ಮಿಡ್ಲರ್ ಕಟ್ಟಿದ ಸಂಸ್ಥೆ ಒಟ್ಟು 42 ಲಕ್ಷ ಡಾಲರ್ ಕೊಟ್ಟು ಅವನ್ನು ಉಳಿಸಿಕೊಂಡವು. 2002ರ ಒಪ್ಪಂದದಿಂದ ಇನ್ನೂ ನೂರಾರು ಉಳಿದವು.

ಅದೇ 1999ರ ಮೇ ತಿಂಗಳಲ್ಲಿ ಇನ್ನೊಂದು ಕಡೆ ಇನ್ನೊಂದು ಕೆಲಸ ನಡೆದಿತ್ತು. ಅಂತರಜಾಲದ ಮಾಹಿತಿ ಎಲ್ಲರಿಗೂ ಸಿಗಬೇಕು ಅಂತ ಡಬ್ಲ್ಯೂ3ಸಿ ಮೊದಲ ನಿಯಮಾವಳಿ ಹೊರತಂದಿತು. ಅದರ ಮೊದಲ ನಿಯಮವೇ ಚಿತ್ರದಲ್ಲಿರುವುದನ್ನು ಪಠ್ಯದಲ್ಲೂ ಕೊಡಿ ಅನ್ನುವುದು. ನಾನು ಮುರಿದದ್ದೂ ಅದನ್ನೇ.

ಮಾಹಿತಿಯಿಂದಲೇ ತೋಟ ಹುಟ್ಟಿದ್ದೂ ಉಂಟು. 2011ರಲ್ಲಿ ಬ್ರೂಕ್ಲಿನ್‌ನಲ್ಲಿ ಪೌಲಾ ಸೀಗಲ್ ಎಂಬ ವಕೀಲೆ '596 ಏಕರ್ಸ್' ಶುರುಮಾಡಿದರು. ಆ ಪ್ರದೇಶದಲ್ಲಿ ಖಾಲಿ ಬಿದ್ದ ಸರ್ಕಾರಿ ಜಾಗ 596 ಎಕರೆ ಅಂತ ನಗರದ್ದೇ ಲೆಕ್ಕದಲ್ಲಿತ್ತು. ಆದರೆ ಬೇಲಿಯ ಪಕ್ಕ ದಿನಾ ನಡೆಯುವವರಿಗೆ ಅದು ಗೊತ್ತಿರಲಿಲ್ಲ. ಇವರು ಆ ಲೆಕ್ಕವನ್ನು ಜಾಲದ ನಕ್ಷೆ ಮಾಡಿದರು. ಅಷ್ಟಕ್ಕೇ ಬಿಡದೆ ಬೇಲಿಗೇ ಹೋಗಿ ಬೋರ್ಡು ಕಟ್ಟಿದರು: ಇದು ಸರ್ಕಾರಿ ಜಾಗ, ಇಂಥ ಇಲಾಖೆಯದು, ಇಂಥವರನ್ನು ಕೇಳಿ. ನಕ್ಷೆ ಕಂಪ್ಯೂಟರ್ ಇದ್ದವರಿಗೆ, ಬೋರ್ಡು ಇಲ್ಲದವರಿಗೆ. ಬೋರ್ಡು ನೋಡಿ ಜನ ಅರ್ಜಿ ಹಾಕಿದರು, ತೋಟಗಳಾದವು.

ಇವತ್ತು ಗ್ರೀನ್‌ಥಂಬ್ ತೋಟಗಳಿಗೆ ಒಂದು ನಿಯಮವಿದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೆ ಕನಿಷ್ಠ 20 ಗಂಟೆ ಗೇಟು ತೆರೆದಿರಬೇಕು, ಆ ಸಮಯವನ್ನು ಹೊರಗೆ ಬರೆದು ಹಾಕಬೇಕು. ಸಣ್ಣ ನಿಯಮ. ಆದರೆ ಅದಿಲ್ಲದಿದ್ದರೆ ಸಮುದಾಯ ತೋಟ ನಾಲ್ಕು ಜನ ಗೆಳೆಯರ ತೋಟವಾಗಿಬಿಡುತ್ತದೆ.

ನಾನು ಆ ಪೋಸ್ಟರನ್ನು ಮಾರನೇ ದಿನ ಸಾದಾ ಅಕ್ಷರಗಳಲ್ಲಿ ಟೈಪು ಮಾಡಿ ಹಾಕಿದೆ. ಮೇಷ್ಟ್ರು ಭಾನುವಾರ ಬಂದರು. ಮೆಂತ್ಯದ ಬೀಜ ಮೂಸಿ ನೋಡಿ ಗುರುತು ಹಿಡಿದರು :) ಹೊರಡುವಾಗ "ಗೇಟು ಎಷ್ಟು ಹೊತ್ತಿಗೆ ತೆಗೀತೀರಪ್ಪಾ?" ಅಂದರು. ಉತ್ತರ ನನ್ನ ಬಳಿ ಇರಲಿಲ್ಲ. ಬೀಗದ ಕೈ ಯಾರ ಹತ್ತಿರ ಇದೆಯೋ ಅವರು ಬಂದಾಗ... ಅಷ್ಟೇ! ಈ ವಾರ ಬೋರ್ಡು ಬರೆಸುತ್ತಿದ್ದೇನೆ.

ಅಂದ ಹಾಗೆ, ಬ್ಲಾಗಿಗರೇ, ಯುನಿಕೋಡ್ ಅಲ್ಲದ ಹಳೆಯ ಫಾಂಟಿನ ಕನ್ನಡ ನಿಮಗೆ ನೆನಪಿರಬೇಕು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಬರೀ ಗೀಚು ಕಾಣುತ್ತಿತ್ತು. ಅದರಿಂದ ಪಾರಾಗಿ ಬಂದವರು ನಾವು. ಈಗ ಕವನವನ್ನೂ ಆಮಂತ್ರಣವನ್ನೂ ಚಿತ್ರ ಮಾಡಿ ಹಾಕುತ್ತಾ ಮತ್ತೆ ಅಲ್ಲಿಗೇ ಹೋಗುತ್ತಿದ್ದೇವಾ? ನಿಮ್ಮ ಹಳೆಯ ಬರಹಗಳನ್ನೊಮ್ಮೆ ತೆರೆದು ನೋಡಿ. ನಾನು ನನ್ನವನ್ನು ನೋಡುತ್ತಾ ಕೂತಿದ್ದೇನೆ, ತಿದ್ದುವುದು ಬೇಕಾದಷ್ಟಿದೆ.